ಅಜ್ಜಿಯರ ದನಿಗೊಂದು ಕಣಜ

ತಾರಮಂಗಲಂ ಅಂದರೆ ಎಲ್ಲರಿಗೂ ಕೈಲಾಸನಾಥರ್ ದೇವಸ್ಥಾನ ನೆನಪಾಗುತ್ತದೆ. ಇಲ್ಲಿನ ದೇವಾಂಗ ನೇಕಾರರ ಮನೆಗಳಲ್ಲಿ ಕನ್ನಡ ಕೇಳಿಸುತ್ತದೆ ಅಂದರೆ ಗಡಿಯಾಚೆಯವರು ಹುಬ್ಬೇರಿಸುತ್ತಾರೆ! ಮಾತು ಕನ್ನಡ, ಬರವಣಿಗೆ ತಮಿಳು. ಹಾಗಾಗಿ ಈ ಕನ್ನಡ ಇರುವುದು ಬಾಯಲ್ಲಿ ಮಾತ್ರ. ಕನ್ನಡ ಮೇಷ್ಟರ ಮನೆಯಲ್ಲವೇ, ಹಿರಿಯರ ಹಾಡು, ಗಾದೆ, ಮಗ್ಗದ ಮಾತುಗಳನ್ನು ನಾವು ಕೆಲವು ವರ್ಷಗಳಿಂದ ರೆಕಾರ್ಡ್ ಮಾಡುತ್ತಿದ್ದೇವೆ. ಹಾಡಿದವರಲ್ಲಿ ಇಬ್ಬರು ಅಜ್ಜಿಯರು ಈಗಿಲ್ಲ.

ಮೊಬೈಲು, ಪೆನ್ ಡ್ರೈವು, ಲ್ಯಾಪ್‌ಟಾಪು ಅಂತ ಚದುರಿದ್ದ ಇದನ್ನೆಲ್ಲ ಒಂದೆಡೆ ಇಡಲು ಮನೆಗೊಂದು ಸ್ಟೋರೇಜ್ ಸರ್ವರ್ ಬೇಕಾಯಿತು. ಸರ್ವರ್ ಅಂದರೆ ಹೆದರಬೇಡಿ... ಸದಾ ಆನ್ ಇದ್ದು, ವೈಫೈ ಮೂಲಕ ಮನೆಮಂದಿಗೆಲ್ಲ ಫೈಲು ಕೊಡುವ ಕಂಪ್ಯೂಟರು, ಅಷ್ಟೇ.

ಮೊದಲು ಲೆಕ್ಕ. ಸಿಡಿ ಗುಣಮಟ್ಟದ ಒಂದು ಗಂಟೆ ಧ್ವನಿಗೆ ಸುಮಾರು 635 ಎಂಬಿ. ನಮ್ಮ 300 ಗಂಟೆಗೆ 190 ಜಿಬಿ. ಫೋಟೋ, ವಿಡಿಯೋ ಸೇರಿದರೂ 1 ಟಿಬಿ ದಾಟದು. ಮುಂದಕ್ಕೂ ಇರಲೆಂದು 4 ಟಿಬಿಯ ಎರಡು ಡಿಸ್ಕ್ ಎಂದುಕೊಂಡೆವು. ಒಂದರಲ್ಲಿ ಬರೆದದ್ದೇ ಇನ್ನೊಂದರಲ್ಲೂ ಇರುತ್ತದೆ. ಇದಕ್ಕೆ ರೈಡ್ 1 ಎನ್ನುತ್ತಾರೆ.

ಫೈಲು ಕೊಡಲು ದೊಡ್ಡ ಪ್ರೊಸೆಸರ್ ಬೇಡ. ಎರಡು ಡಿಸ್ಕ್ ಹಿಡಿಸುವ ಸೆಕೆಂಡ್‌ಹ್ಯಾಂಡ್ ಆಫೀಸ್ ಕಂಪ್ಯೂಟರ್ ಸಾಕು. 30 ವ್ಯಾಟ್ ಎಳೆದರೆ ಎರಡು ತಿಂಗಳಿಗೆ 43 ಯೂನಿಟ್ ಕರೆಂಟು, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಡಿಸ್ಕ್ ಮಾತ್ರ ಹೊಸದೇ ಇರಲಿ, ಅದೂ ಸಿಎಂಆರ್ ಬಗೆಯದು. ಎಸ್‌ಎಂಆರ್ ಡಿಸ್ಕಿನಲ್ಲಿ ಮಾಹಿತಿಯ ಸಾಲುಗಳು ಹೆಂಚು ಹೊದಿಸಿದಂತೆ ಒಂದರ ಮೇಲೊಂದು ಒರಗಿರುತ್ತವೆ. ಒಂದು ಹೆಂಚು ಬದಲಿಸಲು ಪಕ್ಕದವನ್ನೂ ಎತ್ತಬೇಕಲ್ಲ, ಹಾಗೇ ಇದೂ. ಕೆಟ್ಟ ಡಿಸ್ಕ್ ತೆಗೆದು ಹೊಸದನ್ನು ತುಂಬಿಸುವಾಗ ಬಹಳ ನಿಧಾನ. ಸರ್ವರಿಗೆಂದೇ ಮಾರುತ್ತಿದ್ದ ರೆಡ್ ಡಿಸ್ಕುಗಳಲ್ಲೂ ಕೆಲವು ಎಸ್‌ಎಂಆರ್ ಎಂದು ವೆಸ್ಟರ್ನ್ ಡಿಜಿಟಲ್ ಒಪ್ಪಿಕೊಂಡದ್ದು 2020ರಲ್ಲಿ. ಆದ್ದರಿಂದ ಮಾಡೆಲ್ ನಂಬರ್ ನೋಡದೆ ಕೊಳ್ಳಬೇಡಿ.

ಬರೆಯುವ ಹೊತ್ತಿಗೇ ಕರೆಂಟ್ ಹೋದರೆ ಫೈಲು ಕೆಡಬಹುದು, ಹಾಗಾಗಿ ಯುಪಿಎಸ್ ಇರಲೇಬೇಕು. ಇನ್ನೊಂದು ಮಾತು: ಎರಡು ಡಿಸ್ಕ್ ಇದ್ದ ಮಾತ್ರಕ್ಕೆ ಬ್ಯಾಕಪ್ ಆಗಲಿಲ್ಲ. ಯಾರಾದರೂ ಫೈಲು ಅಳಿಸಿದರೆ ಎರಡರಲ್ಲೂ ಅಳಿಯುತ್ತದೆ. ಸಿಡಿಲು ಬಡಿದರೆ ಎರಡೂ ಒಟ್ಟಿಗೇ ಹೋಗಬಹುದು. ಪ್ರೊಸೆಸರಿನಲ್ಲಿ ಉಳಿಸಿದ ಹಣದಲ್ಲಿ ಮೂರನೇ ಡಿಸ್ಕ್ ಕೊಂಡು, ಪ್ರತಿ ತುಂಬಿ, ಬೆಂಗಳೂರಿನ ನೆಂಟರ ಮನೆಯಲ್ಲಿ ಇಟ್ಟಿದ್ದೇವೆ. ಹಬ್ಬಕ್ಕೆ ಹೋದಾಗಲೆಲ್ಲ ಹೊಸದನ್ನು ಸೇರಿಸುತ್ತೇವೆ.

ಮಗ್ಗದ ಮೇಲಿನ ಜಕಾರ್ಡಿಗೆ ತೂತು ಹೊಡೆದ ರಟ್ಟುಗಳ ಸರ ಇರುತ್ತದೆ ನೋಡಿ. ಸೀರೆಯ ಹೂವಿನ ನೆನಪೆಲ್ಲ ಆ ತೂತುಗಳಲ್ಲಿ. ಒಂದು ರಟ್ಟು ಹರಿದರೆ ಡಿಸೈನ್ ಕಾಗದ ನೋಡಿ ಇನ್ನೊಂದನ್ನು ಹೊಡೆಯಬಹುದು. ಅಜ್ಜಿಯ ದನಿಗೆ ಅಂಥ ಕಾಗದ ಇಲ್ಲ.

ನಿಮ್ಮ ಮನೆಯ ಅಟ್ಟದಲ್ಲೂ ಹಳೇ ಕ್ಯಾಸೆಟ್ಟುಗಳಿರಬಹುದು. ಎಷ್ಟು ಗಂಟೆಯ ಧ್ವನಿ ಇದೆ ಅಂತ ಈ ಭಾನುವಾರವೇ ಒಮ್ಮೆ ಎಣಿಸಿ ನೋಡಿ.