ಕೂಡಿ ಮಾಡಿದ ಕೆಲಸ

ನಾಲ್ವರು ಕೂಡಿ ಸಾರು ಮಾಡಿದರೆ ಒಂದೋ ಉಪ್ಪು ನಾಲ್ಕು ಸಲ ಬೀಳುತ್ತದೆ, ಇಲ್ಲವೆ ಒಂದು ಸಲವೂ ಬೀಳುವುದಿಲ್ಲ. ಹಾಕಿದವರು ಯಾರು, ಮರೆತವರು ಯಾರು ಎಂಬುದು ಎಲೆಯ ಮುಂದೆ ಕುಳಿತವರಿಗೆ ತಿಳಿಯುವಂತಿಲ್ಲ. ಕಾಲೇಜುಗಳಲ್ಲಿ ವಿದ್ಯಾರ್ಥಿಗಳಿಗೆ ಗುಂಪುಗುಂಪಾಗಿ ಕೊಡುವ ಕೆಲಸದ ಪಾಡೂ ಬಹುಕಾಲದಿಂದ ಇದೇ. ಒಬ್ಬನು ನಿದ್ದೆಗೆಟ್ಟು ಬರೆಯುತ್ತಾನೆ. ಒಬ್ಬಳು ಅದನ್ನು ತಿದ್ದುತ್ತಾಳೆ. ಮೂರನೆಯವನು ರಟ್ಟು ಹಾಕಿಸಿ ತರುತ್ತಾನೆ. ನಾಲ್ಕನೆಯವನು ತನ್ನ ಹೆಸರಿನ ಕಾಗುಣಿತ ಸರಿಯಾಗಿದೆಯೆ ಎಂದಷ್ಟೇ ನೋಡುತ್ತಾನೆ. ಅಂಕಗಳು ಮಾತ್ರ ನಾಲ್ವರಿಗೂ ಸಮಸಮ!

ಈ ಅನ್ಯಾಯಕ್ಕೆ ಮದ್ದೆಂಬಂತೆ ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜೊಂದರ ಅಧ್ಯಾಪಕರು ಒಂದು ಕಟ್ಟಳೆ ಮಾಡಿದರು. ಪುಸ್ತಕಭಂಡಾರದ ಎರವಲು ಲೆಕ್ಕವನ್ನಿಡಲು ನಾಲ್ವರು ಸೇರಿ ಒಂದು ಕಂಪ್ಯೂಟರ್ ಪ್ರೋಗ್ರಾಮನ್ನು ಬರೆಯಬೇಕು. ಅದನ್ನು ‘ಗಿಟ್’ ಎಂಬ ವ್ಯವಸ್ಥೆಯ ಮೂಲಕವೇ ಒಪ್ಪಿಸಬೇಕು. ಅದರ ದಾಖಲೆಯಲ್ಲಿ ಯಾರ ಹೆಸರಿಲ್ಲವೋ ಅವರಿಗೆ ಅಂಕವಿಲ್ಲ.

ಬಸವನಗುಡಿಯ ಮನೆಯೊಂದರಲ್ಲಿ ಮಗಳ ಬಾಯಿಂದ ಈ ಸುದ್ದಿಯನ್ನು ಕೇಳಿದ ತಂದೆ ಬ್ಯಾಂಕಿನಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ಕನ್ನಡಕವನ್ನು ಹಣೆಗೇರಿಸಿ, “ಏನಮ್ಮ ಅದು ಗಿಟ್ಟು?” ಎಂದರು.

“ನಿಮ್ಮ ಬ್ಯಾಂಕಿನ ದಿನವಹಿ ಇದ್ದ ಹಾಗೆ, ಅಪ್ಪ. ಯಾರು, ಯಾವ ದಿನ, ಎಷ್ಟು ಗಂಟೆಗೆ, ಯಾವ ಸಾಲನ್ನು, ಏಕೆ ತಿದ್ದಿದರು ಎಂಬುದೆಲ್ಲ ಅದರಲ್ಲಿರುತ್ತದೆ. ಹಿಂದಿನ ಪ್ರತಿ ಬೇಕೆಂದರೆ ಅದೂ ಸಿಗುತ್ತದೆ.”

“ಇಬ್ಬರು ಒಂದೇ ಸಾಲನ್ನು ಬೇರೆ ಬೇರೆಯಾಗಿ ತಿದ್ದಿದರೆ?”

“ಆಗ ಅದು ನಿಂತುಬಿಡುತ್ತದೆ. ಇಬ್ಬರ ಸಾಲುಗಳನ್ನೂ ಒಂದರ ಕೆಳಗೊಂದು ಇಟ್ಟು, ನೀವೇ ಮಾತಾಡಿಕೊಂಡು ಗೊತ್ತುಮಾಡಿ ಎನ್ನುತ್ತದೆ.”

“ಅನೇಕ ಮನೆಗಳ ಹಿರಿಯರಿಗಿಂತ ಅದಕ್ಕೇ ಹೆಚ್ಚು ವಿವೇಕವಿದ್ದಂತಿದೆ,” ಎಂದರು ತಂದೆ.

ಇಂಥ ವ್ಯವಸ್ಥೆಗಳ ಚರಿತ್ರೆಯಲ್ಲಿಯೂ ಗುರುಶಿಷ್ಯರ ಕಥೆಯೊಂದುಂಟು. ಆಮ್‌ಸ್ಟರ್‌ಡ್ಯಾಮಿನ ವ್ರೈಯೆ ವಿಶ್ವವಿದ್ಯಾನಿಲಯದಲ್ಲಿ ಡಿಕ್ ಗ್ರೂನ್ ಎಂಬ ಅಧ್ಯಾಪಕರು ೧೯೮೪-೮೫ರಲ್ಲಿ ತಮ್ಮ ಇಬ್ಬರು ವಿದ್ಯಾರ್ಥಿಗಳೊಡನೆ ‘ಸಿ’ ಭಾಷೆಯ ಕಂಪೈಲರೊಂದನ್ನು ರಚಿಸುತ್ತಿದ್ದರು. ಒಬ್ಬ ಶಿಷ್ಯನು ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ ತಪ್ಪದೆ ದುಡಿಯುವವನು, ಇನ್ನೊಬ್ಬನಿಗೆ ಹೊತ್ತುಗೊತ್ತಿಲ್ಲ, ಗುರುಗಳಿಗೋ ಸಂಜೆ ಮಾತ್ರ ಬಿಡುವು. ಒಬ್ಬರು ಬರೆದುದನ್ನು ಮತ್ತೊಬ್ಬರು ಕೆಡಿಸದೆ ಮೂವರೂ ದುಡಿಯಲೆಂದು ಗ್ರೂನ್ ಅವರು ಕಟ್ಟಿಕೊಂಡ ಏರ್ಪಾಡೇ ೧೯೮೬ರಲ್ಲಿ ಹೊರಬಂದ ‘ಸಿ.ವಿ.ಎಸ್.’. ಗಿಟ್ಟಿನ ಹುಟ್ಟು ಅದಕ್ಕಿಂತ ಈಚಿನದು. ಲಿನಕ್ಸ್ ತಿರುಳನ್ನು ಹಲವು ದೇಶಗಳಲ್ಲಿ ಕುಳಿತು ಬರೆಯುವವರ ಕೆಲಸವನ್ನು ಹೊಂದಿಸಲು, ಫಿನ್ಲೆಂಡಿನಲ್ಲಿ ಹುಟ್ಟಿದ ಲೀನಸ್ ಟೋರ್ವಾಲ್ಡ್ಸ್ ೨೦೦೫ರ ಏಪ್ರಿಲಿನಲ್ಲಿ ಅದನ್ನು ರಚಿಸಿದರು.

ಕೆಲಸ ಒಪ್ಪಿಸಬೇಕಾದ ರಾತ್ರಿ ಬಂದಿತು. ಗಡುವು ಹನ್ನೆರಡು ಗಂಟೆ. ಹತ್ತರ ವೇಳೆಗೆ ಮಗಳು ದಾಖಲೆಯನ್ನು ತೆರೆದು ಹೆಸರುಗಳನ್ನು ಎಣಿಸಿದಳು: ತನ್ನವು ೩೧, ಒಬ್ಬ ಹುಡುಗನವು ೨೨, ಇನ್ನೊಬ್ಬನವು ೧೪. ನಾಲ್ಕನೆಯವಳದು ಒಂದೂ ಇಲ್ಲ!

ಹಾಗೆಂದು ಆಕೆ ಮೈಗಳ್ಳಿಯೆ? ಅಲ್ಲವೇ ಅಲ್ಲ. ಹಾಸನದ ಕಡೆಯ ಹಳ್ಳಿಯಿಂದ ಬಂದು ಹಾಸ್ಟೆಲಿನಲ್ಲಿರುವ ಹುಡುಗಿ. ಲ್ಯಾಪ್‌ಟಾಪು ಕೆಟ್ಟು ತಿಂಗಳಾಗಿತ್ತು. ರಿಪೇರಿಗೆ ಮನೆಯವರನ್ನು ಹಣ ಕೇಳಲು ಸಂಕೋಚ. ಪ್ರತಿ ಸಂಜೆಯೂ ಈ ಮನೆಗೆ ಬಂದು, ಗೆಳತಿಯ ಪಕ್ಕದಲ್ಲಿ ಕುಳಿತು, ಪ್ರೋಗ್ರಾಮಿನ ರೂಪರೇಷೆಯನ್ನೆಲ್ಲ ಒಂದು ನೋಟ್‌ಪುಸ್ತಕದಲ್ಲಿ ಬರೆದವಳು ಅವಳೇ. ಒಂದೇ ಪುಸ್ತಕವನ್ನು ಏಕಕಾಲಕ್ಕೆ ಇಬ್ಬರಿಗೆ ಎರವಲು ಕೊಟ್ಟುಬಿಡುತ್ತಿದ್ದ ದೊಡ್ಡ ತಪ್ಪನ್ನು ಹಿಡಿದವಳೂ ಅವಳೇ. ಆದರೆ ಕೀಲಿಮಣೆಯ ಮೇಲೆ ಬೆರಳಾಡಿಸಿದವಳು ಮನೆಯ ಮಗಳು. ಗಿಟ್ಟು ಬೆರಳನ್ನು ಕಂಡಿತು. ಪಕ್ಕದಲ್ಲಿ ಕುಳಿತ ತಲೆಯನ್ನು ಕಾಣಲಿಲ್ಲ.

ಹುಡುಗರಿಗೆ ಫೋನಾಯಿತು. ಒಬ್ಬನು, “ನಿಯಮ ನಿಯಮವೇ, ನಾವೇನು ಮಾಡೋಣ?” ಎಂದನು. ಇನ್ನೊಬ್ಬನದು ಮೃದು ಹೃದಯ, ಚುರುಕು ಬುದ್ಧಿ. “ನಿನ್ನ ಮೂವತ್ತೊಂದರಲ್ಲಿ ಹತ್ತನ್ನು ಅವಳ ಹೆಸರಿಗೆ ಬದಲಾಯಿಸು. ಯಾವ ಹೆಸರು ಕೊಟ್ಟರೂ, ಯಾವ ತಾರೀಖು ಕೊಟ್ಟರೂ ಗಿಟ್ಟು ನಂಬುತ್ತದೆ,” ಎಂದನು. ಮಾತು ನಿಜವೇ. ಬರೆದವರ ಹೆಸರನ್ನು ಬರೆದವರೇ ಹೇಳಬೇಕಲ್ಲದೆ, ಅದು ಗುರುತಿನ ಚೀಟಿಯನ್ನು ಕೇಳುವುದಿಲ್ಲ. ಮಗಳ ಕೈ ಒಂದು ಕ್ಷಣ ಆ ಕಡೆಗೆ ಹೋಯಿತು. ಗೆಳತಿಗೆ ನ್ಯಾಯ ದೊರಕಿಸಲು ಒಂದು ಸುಳ್ಳು, ಅದರಲ್ಲಿ ತಪ್ಪೇನು?

ತಂದೆ ಬಾಗಿಲಲ್ಲಿ ನಿಂತಿದ್ದರು. “ನಮ್ಮ ದಿನವಹಿಯಲ್ಲಿ ತಪ್ಪಾದರೆ ಕೆರೆದು ಅಳಿಸುವಂತಿರಲಿಲ್ಲ, ಮಗು. ಇನ್ನೊಬ್ಬರ ರುಜು ಹಾಕುವ ಮಾತಂತೂ ಬೇಡ. ಬಿಟ್ಟುಹೋದುದು ಎಂದು ಕಣ್ಣಿಗೆ ಬಿತ್ತೋ ಅಂದಿನ ತಾರೀಖಿನಲ್ಲಿಯೇ ಬರೆದು, ಏಕೆ ಬಿಟ್ಟಿತ್ತೆಂದು ಪಕ್ಕದಲ್ಲಿ ಕಾರಣ ಕೊಡುತ್ತಿದ್ದೆವು.”

ನೋಟ್‌ಪುಸ್ತಕ ಮೇಜಿನ ಮೇಲೆಯೇ ಇತ್ತು. ಮಗಳು ಗೆಳತಿಗೆ ಫೋನು ಮಾಡಿ ಒಪ್ಪಿಗೆ ಪಡೆದು, ಅದರ ಪುಟಗಳ ಚಿತ್ರ ತೆಗೆದು ಕಡತಗಳೊಡನೆ ಸೇರಿಸಿದಳು. ಕಾರಣದ ಜಾಗದಲ್ಲಿ, ಈ ರೂಪರೇಷೆ ಯಾರದು, ಎರವಲಿನ ತಪ್ಪನ್ನು ಕಂಡುಹಿಡಿದವರು ಯಾರು, ಟೈಪು ಮಾತ್ರ ಮಾಡಿದವರು ಯಾರು ಎಂಬುದನ್ನು ಇದ್ದಂತೆ ಬರೆದಳು. ಒಂದು ಕೆಲಸಕ್ಕೆ ಇಬ್ಬರು ಕರ್ತೃಗಳಿದ್ದರೆ ಕೊನೆಯಲ್ಲಿ ‘ಕೋ-ಆಥರ್ಡ್-ಬೈ’ ಎಂದು ಎರಡನೆಯವರ ಹೆಸರನ್ನು ಸೇರಿಸುವ ಪದ್ಧತಿ ಗಿಟ್ಟು ಬಳಸುವವರಲ್ಲಿ ಇದ್ದೇ ಇದೆ. ಆ ಸಾಲೂ ಬಿದ್ದಿತು. ಹನ್ನೊಂದು ನಲವತ್ತಕ್ಕೆ ಕೆಲಸ ಹೊರಟುಹೋಯಿತು.

ಮರುವಾರ ಅಧ್ಯಾಪಕರು ನಾಲ್ಕನೆಯವಳನ್ನು ಕರೆದು, ನೋಟ್‌ಪುಸ್ತಕವನ್ನು ಮುಂದಿಟ್ಟುಕೊಂಡು ಅರ್ಧ ಗಂಟೆ ಪ್ರಶ್ನೆ ಕೇಳಿದರು. ಆಕೆ ಎಲ್ಲಕ್ಕೂ ಉತ್ತರ ಕೊಟ್ಟಳು. ಮುಂದಿನ ಗುಂಪುಗಳಿಗೆಂದು ಅವರ ಕಟ್ಟಳೆಗೆ ಇನ್ನೊಂದು ಸಾಲು ಸೇರಿತು: ಕಾಗದದ ಮೇಲೆ ಮಾಡಿದ ಕೆಲಸವನ್ನೂ ಒಪ್ಪಿಸತಕ್ಕದ್ದು.

ಸುದ್ದಿ ಮನೆಗೆ ಬಂದಾಗ ತಂದೆಗೆ ಹಿಡಿಸಲಾರದ ಹಿಗ್ಗು. ಅಡಿಗೆಮನೆಯಿಂದ ತಾಯಿ ಎಲ್ಲವನ್ನೂ ಕೇಳಿಸಿಕೊಂಡರು. “ಎಲ್ಲ ಸರಿಯೇ. ತಿಂಗಳೆಲ್ಲ ಸಂಜೆ ನಿಮ್ಮಿಬ್ಬರಿಗೂ ಕಾಫಿ ಕಾಸಿ ಕೊಟ್ಟವಳ ಹೆಸರು ಯಾವ ಸಾಲಿನಲ್ಲಿದೆಯೇ?” ಎಂದರು.

ಮಗಳು ನಗುತ್ತ ಎದ್ದು, ಮೇಜಿನ ಮೇಲಿದ್ದ ಲೋಟಗಳನ್ನು ತೊಳೆಯಲು ತೆಗೆದುಕೊಂಡು ಹೋದಳು.