ಎರಡು ಗೀಟು

ಬೆಂಗಳೂರಿನ ಅಪಾರ್ಟ್‌ಮೆಂಟುಗಳ ಗೇಟಿನಲ್ಲಿ ನಮ್ಮ ಮುಂದೆ ಚಾಚುವ ಉದ್ದನೆಯ ರಿಜಿಸ್ಟರನ್ನು ಬೇರೆ ಯಾರು ಓದುತ್ತಾರೋ ಕಾಣೆ, ನಾನಂತೂ ಓದುತ್ತೇನೆ. ಮೊನ್ನೆ ಅಕ್ಕನ ಮಗನ ಮನೆಗೆ ಹೋದಾಗ, ‘ಬಂದ ಕಾರಣ’ ಎಂಬ ಕಾಲಮ್ಮಿನ ಮೊದಲ ಸಾಲಿನಲ್ಲಿ ಯಾರೋ ‘ಡೆಲಿವರಿ’ ಎಂದು ಬರೆದಿದ್ದರು. ಅಲ್ಲಿಂದ ಪುಟದ ಬುಡದವರೆಗೂ ಬರೀ ಎರಡೆರಡು ಗೀಟು. ಹೆಸರಿನ ಜೊತೆಗೇ ‘ಪ್ಲಂಬರ್’ ಎಂದು ಬರೆದುಕೊಂಡವರು, ‘ಪುರೋಹಿತರು’ ಎಂದು ಬರೆದುಕೊಂಡವರು, ಎಲ್ಲರೂ ಡೆಲಿವರಿಗೇ ಬಂದವರು. ನಾನೂ ಎರಡು ಗೀಟೆಳೆದು ಲಿಫ್ಟ್ ಹತ್ತಿದೆ.

ಹುಡುಗನ ಕಂಪನಿ ಕಾಫಿ ತೋಟಗಳಲ್ಲಿ ಹವಾಮಾನದ ಯಂತ್ರ ನಿಲ್ಲಿಸುತ್ತದೆ. “ಮಾವ, ಒಂದೊಂದು ಯಂತ್ರಕ್ಕೆ ಆರು ಸೆನ್ಸರು, ನಿಮಿಷಕ್ಕೊಂದು ರೀಡಿಂಗು. ಸಾವಿರ ತೋಟ ಆಗುತ್ತೆ ಅಂತಿದಾರೆ. ಯಾವ ಡೇಟಾಬೇಸ್ ಹಾಕಲಿ?” ಎಂದ. ನಾನು ಬ್ಯಾಂಕಿನ ಕಂಪ್ಯೂಟರ್ ವಿಭಾಗದಲ್ಲಿ ಕೂದಲು ಉದುರಿಸಿಕೊಂಡವನು ಎಂಬುದಕ್ಕೆ ಈ ಮರ್ಯಾದೆ. ಲೆಕ್ಕ ಹಾಕಿದೆ. ಒಂದು ಯಂತ್ರದಿಂದ ವರ್ಷಕ್ಕೆ 31,53,600 ಅಂಕಿ, ಸಾವಿರ ತೋಟದಿಂದ 315 ಕೋಟಿ. ಸಮಯಕ್ಕೆ 8 ಬೈಟ್, ಅಳತೆಗೆ 8 ಬೈಟ್ ಎಂದರೂ ಸುಮಾರು 50 ಜಿಬಿ. ಹೆದರುವಂಥದ್ದಲ್ಲ. ಉತ್ತರ ಹೇಳಬೇಕು ಅನ್ನುವಷ್ಟರಲ್ಲಿ ಅಜ್ಜನ ಮಳೆ ಪುಸ್ತಕ ಅಡ್ಡ ಬಂತು.

ಮೂಡಿಗೆರೆ ಕಡೆಯವರಿಗೆ ಮಳೆ ಪುಸ್ತಕ ಏನೆಂದು ಹೇಳಬೇಕಾಗಿಲ್ಲ. ಬೆಳಿಗ್ಗೆ ಮಾಪಕದ ನೀರನ್ನು ಗಾಜಿನ ಅಳತೆಗೆ ಬಗ್ಗಿಸಿ ನೋಡಿ, ಇಂಚು-ಸೆಂಟಿನಲ್ಲಿ ಬರೆದಿಡುವುದು. ಮಿಲಿಮೀಟರ್ ಬಂದು ಎಷ್ಟು ಕಾಲವಾದರೂ ತೋಟದವರ ಬಾಯಲ್ಲಿ ಇವತ್ತಿಗೂ “ನಿನ್ನೆ ಎರಡಿಂಚು ಹತ್ತು ಸೆಂಟ್” ಎಂದೇ ಮಾತು. ಜುಲೈ ಪುಟವನ್ನು ಅಜ್ಜ ಕನ್ನಡಕ ಏರಿಸಿಕೊಂಡು ತುಂಬಿಸುತ್ತಿದ್ದರು. ಜನವರಿಗೆ ಆ ಶ್ರಮವಿಲ್ಲ. ಮೊದಲ ಸಾಲಿನಲ್ಲಿ ಒಂದು ಸೊನ್ನೆ, ಅದರ ಕೆಳಗೆ ಎರಡು ಗೀಟು, ಅದರ ಕೆಳಗೆ ಎರಡು ಗೀಟು, ಹೂಮಳೆ ಬೀಳುವವರೆಗೂ. ಊರಿನಲ್ಲಿಲ್ಲದ ದಿನಕ್ಕೆ ಮಾತ್ರ ಗೀಟು ಹಾಕುವಂತಿಲ್ಲ, ಅಡ್ಡಗೆರೆ ಎಳೆಯಬೇಕು. ಮಳೆ ಬರಲಿಲ್ಲ ಎನ್ನುವುದು ಬೇರೆ, ಬಂತೋ ಇಲ್ಲವೋ ಯಾರೂ ನೋಡಲಿಲ್ಲ ಎನ್ನುವುದು ಬೇರೆ. (ಇವೆರಡನ್ನೂ ಒಂದೇ ಸೊನ್ನೆಯಲ್ಲಿ ಮುಗಿಸಿಬಿಡುವ ಪದವೀಧರರನ್ನು ನಾನು ಕಂಡಿದ್ದೇನೆ.) ಇನ್ನೊಂದು ಕಟ್ಟಳೆಯೂ ಇತ್ತು. ಪುಟ ಮಗುಚಿದ ಮೇಲೆ ಮೊದಲ ಸಾಲಿನಲ್ಲಿ ಗೀಟು ಕೂಡದು, ಅಂಕಿಯನ್ನು ಪೂರ್ತಿ ಬರೆಯಬೇಕು. ಹಿಂದಿನ ಹಾಳೆ ಗೆದ್ದಲಿಗೆ ಹೋದರೆ ಮುಂದಿನದಾದರೂ ಓದುವ ಹಾಗಿರಲಿ ಎಂದು.

ಈ ಗೀಟಿನ ವಂಶಾವಳಿ ದೊಡ್ಡದು. ನವ ಅಸ್ಸೀರಿಯನ್ ಕಾಲದ, ಅಂದರೆ ಕ್ರಿ.ಪೂ. 934ರಿಂದ 608ರ ನಡುವಿನ ಒಂದು ಜೇಡಿಮಣ್ಣಿನ ಹಲಗೆಯಲ್ಲಿ, ಸಮಾನಾರ್ಥಕ ಪದಗಳ ಪಟ್ಟಿಯಲ್ಲಿ, ‘ಮೇಲಿನದೇ’ ಎನ್ನುವುದಕ್ಕೆ ಎರಡು ನಿಂತ ಗೆರೆಗಳಿವೆ. ಹಸಿ ಮಣ್ಣಿಗೆ ಅದದೇ ಪದ ಕುಕ್ಕಿ ಕುಕ್ಕಿ ಬೆರಳು ಸೋತ ಯಾವನೋ ಗುಮಾಸ್ತನ ಕೆಲಸವಿರಬೇಕು. ಬರವಣಿಗೆ ಕಂಡುಹಿಡಿದವರಿಗೆ ಸಲ್ಲುವ ಗೌರವದಲ್ಲಿ ಅರ್ಧವನ್ನು ನಾನು ಅವನಿಗೆ ಕೊಡುತ್ತೇನೆ. ಬರೆಯುವುದನ್ನು ಅವರು ಕಲಿಸಿದರು, ಬರೆಯದೆ ಉಳಿಸುವುದನ್ನು ಇವನು.

ಇನ್ನು ಹುಡುಗನ ಡೇಟಾಬೇಸಿಗೆ ಬರೋಣ. 1970ರಲ್ಲಿ ಐಬಿಎಂನ ಎಡ್ಗರ್ ಕಾಡ್ ಕೋಷ್ಟಕಗಳ ಶಾಸ್ತ್ರ ಬರೆದದ್ದು, ಬ್ಯಾಂಕುಗಳೆಲ್ಲ ಆ ದಾರಿ ಹಿಡಿದದ್ದು ಗೊತ್ತಿರುವುದೇ, ಬಿಡಿ. ನನ್ನ ತಕರಾರು ಒಂದೇ. ಆ ಡೇಟಾಬೇಸುಗಳು ಡಿಸ್ಕಿನ ಮೇಲೆ ಸಾಲು ಸಾಲಾಗಿ ಬರೆದವು. ಗೀಟು ಮೇಲಿನಿಂದ ಕೆಳಗೆ ನಡೆಯುತ್ತದೆಯೇ ಹೊರತು ಎಡದಿಂದ ಬಲಕ್ಕಲ್ಲ. ಮಳೆಯ ಪಕ್ಕ ಉಷ್ಣಾಂಶ, ಅದರ ಪಕ್ಕ ತೇವಾಂಶ, ಯಾವುದರ ಮೇಲೆ ಗೀಟು ಹಾಕುವುದು? ಸಾಲದ್ದಕ್ಕೆ, ಅವುಗಳಲ್ಲೊಂದಾದ ಪೋಸ್ಟ್‌ಗ್ರೆಸ್ ಪ್ರತಿ ಸಾಲಿನ ತಲೆಗೂ 23 ಬೈಟಿನ ವಿವರ ಕಟ್ಟುತ್ತದೆ. ಹಣದ ಲೆಕ್ಕಕ್ಕೆ ಅದು ಬೇಕು. 8 ಬೈಟಿನ ಉಷ್ಣಾಂಶಕ್ಕಾದರೆ ಅದು ಮೂರು ಕಾಸಿನ ಕುದುರೆಗೆ ಆರು ಕಾಸಿನ ಹುಲ್ಲು.

ಒಂದೊಂದು ಕಾಲಮ್ಮನ್ನೂ ಬೇರೆ ಬೇರೆಯಾಗಿ ಇಟ್ಟರೆ ಗೀಟಿಗೆ ಜಾಗ ಸಿಗುತ್ತದೆ. ಫೇಸ್‌ಬುಕ್‌ನವರು 2015ರಲ್ಲಿ ‘ಗೊರಿಲ್ಲಾ’ ಎಂಬ ತಮ್ಮ ವ್ಯವಸ್ಥೆಯ ಬಗ್ಗೆ ಬರೆದ ಪ್ರಬಂಧವನ್ನು ಓದಿದಾಗ ನನಗೆ ನಗು ಬಂತು. ರೀಡಿಂಗು ನಿಮಿಷಕ್ಕೊಮ್ಮೆ ಬರುತ್ತಿದ್ದರೆ ಅಂತರ 60 ಸೆಕೆಂಡು, ಮತ್ತೆ 60, ಮತ್ತೆ 60. ಅಂತರಗಳ ನಡುವಿನ ಅಂತರ ಸೊನ್ನೆ, ಅದಕ್ಕೊಂದೇ ಬಿಟ್ ಸಾಕು. ಅವರ ಸಮಯಗಳಲ್ಲಿ ನೂರಕ್ಕೆ 96 ಹೀಗೆ ಒಂದೇ ಬಿಟ್‌ನಲ್ಲಿ ಮುಗಿದವು. ಅಳತೆ ಹಿಂದಿನಷ್ಟೇ ಇದ್ದರೆ ಅದಕ್ಕೂ ಒಂದೇ ಬಿಟ್, ಸುಮಾರು ಅರ್ಧದಷ್ಟು ಅಂಕಿಗಳು ಹಾಗೆಯೇ ಇದ್ದವು. 16 ಬೈಟ್ ಬೇಕಾದ ಕಡೆ ಸರಾಸರಿ 1.37 ಬೈಟ್! ಎರಡು ಗಂಟೆಗೊಂದು ಹೊಸ ಬ್ಲಾಕ್, ಬ್ಲಾಕಿನ ಮೊದಲ ಅಂಕಿಯನ್ನು ಮಾತ್ರ ಪೂರ್ತಿ ಬರೆಯಬೇಕು. ಅಜ್ಜ ಪುಟ ಮಗುಚಿದಂತೆಯೇ.

ಹುಡುಗನ ಯಂತ್ರಕ್ಕೆ ಅಷ್ಟು ಉಳಿತಾಯ ಆಗಲಿಕ್ಕಿಲ್ಲ. ಸೆನ್ಸರುಗಳು ಸುಮ್ಮನಿರುವುದಿಲ್ಲ. 24.3 ಮತ್ತು 24.4 ನಮಗೆ ಅಕ್ಕಪಕ್ಕದವು, ದಶಮಾಂಶವನ್ನು ಬೈನರಿಯಲ್ಲಿ ಬರೆದಾಗ ಬಾಲದ ಕಡೆ ಎರಡಕ್ಕೂ ತಾಳಮೇಳವಿಲ್ಲ. ಹತ್ತರಿಂದ ಗುಣಿಸಿ 243, 244 ಎಂದು ಪೂರ್ಣಾಂಕ ಮಾಡಿಬಿಟ್ಟರೆ ವ್ಯತ್ಯಾಸ ಬರೀ ಒಂದು. ಅಜ್ಜನ ‘1-20’ರಲ್ಲಿ ಚುಕ್ಕಿಯೇ ಇರಲಿಲ್ಲ. ಎಡಕ್ಕೆ ಇಂಚು, ಬಲಕ್ಕೆ ಸೆಂಟು, ಎರಡೂ ಪೂರ್ಣಾಂಕ.

ಇಷ್ಟೆಲ್ಲ ಕೇಳಿದ ಮೇಲೂ ಹುಡುಗ “ಹೆಸರು ಹೇಳಿ ಮಾವ” ಎಂದ. ಬರೀ ಅಂಕಿಯೇ ಆದರೆ ಕ್ಲಿಕ್‌ಹೌಸ್ ಹಾಕು ಎಂದೆ. ಯಾಂಡೆಕ್ಸ್‌ನವರು ಮಾಡಿ 2016ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟದ್ದು, ಯಾವ ಕಾಲಮ್ಮಿಗೆ ಯಾವ ತರಹದ ಗೀಟು ಎಂದು ನಾವೇ ಹೇಳಬಹುದು. ಆದರೆ ಇವನ ಕಂಪನಿಯಲ್ಲಿ ತೋಟದ ಮಾಲೀಕರ ಪಟ್ಟಿ, ಬಿಲ್ಲು, ಬಾಕಿ ಎಲ್ಲವೂ ಇವೆ, ಅಲ್ಲಿನ ಹುಡುಗರಿಗೆ ಬರುವುದು ಪೋಸ್ಟ್‌ಗ್ರೆಸ್ ಮಾತ್ರ. ಹಾಗಾಗಿ ಅದರ ಮೇಲೆಯೇ ಕೂರುವ ಟೈಮ್‌ಸ್ಕೇಲ್ ಸಾಕು ಎಂದೆ. ಹೊಸ ಅಂಕಿಗಳನ್ನು ಸಾಲಿನಲ್ಲಿ ಇಟ್ಟುಕೊಂಡು, ಹಳೆಯವನ್ನು ಕಾಲಮ್ಮು ಮಾಡಿ ಮಡಿಸಿಡುತ್ತದೆ. ಮಳೆಯ ಕಾಲಮ್ಮು ಚೆನ್ನಾಗಿ ಮಡಿಯುತ್ತದೆ, ಮಲೆನಾಡಿನಲ್ಲಿಯೂ ವರ್ಷದ ಬಹುಪಾಲು ನಿಮಿಷಗಳು ಸೊನ್ನೆಯೇ. ಯಾವುದಕ್ಕೂ ಬಗ್ಗದ್ದು ಗಾಳಿಯ ದಿಕ್ಕು. ಅದನ್ನು ಹತ್ತು ನಿಮಿಷಕ್ಕೊಮ್ಮೆ ಬರೆದರೆ ಸಾಕು, ಯಾವ ತೋಟದವನೂ ಕೇಳುವುದಿಲ್ಲ ಎಂದೆ.

“ಬೋರ್ಡೋ ಔಷಧಿ ಹೊಡೆಯೋ ದಿನ ಅದನ್ನೇ ಮೊದಲು ಕೇಳ್ತಾರೆ ಮಾವ” ಎಂದ.