ನಮ್ಮ ಬಂಡಿ ನೋಡಿಕೊಂಡು ಹೋಗ್ರಿ

ಜಾತ್ರೆಯ ಬಗ್ಗೆ ಬರೆಯುವವರು ತೇರು, ತೊಟ್ಟಿಲು, ಬಳೆ ಅಂಗಡಿ, ಮಂಡಕ್ಕಿ-ಮಿರ್ಚಿಗಳ ಬಗ್ಗೆ ಬರೆಯುತ್ತಾರೆ. ಜಾತ್ರೆಯ ಅಂಚಿನ ಹೊಲಗಳಲ್ಲಿ ಬೀಡುಬಿಡುವ ಬಂಡಿಗಳ ಬಗ್ಗೆ ಬರೆದದ್ದು ಕಡಿಮೆ. ಆ ಬಂಡಿಗಳ ನಡುವೆ ಒಂದು ಪದ್ಧತಿ ಇತ್ತು. ಒಬ್ಬರ ಬಂಡಿಯನ್ನು ಇನ್ನೊಬ್ಬರು ನೋಡಲು ಹೋಗುವುದು. ಹೆಸರಿಲ್ಲದ, ಶಾಸ್ತ್ರವಿಲ್ಲದ ಈ ಪದ್ಧತಿ ನನಗೆ ತೇರಿನಷ್ಟೇ ದೊಡ್ಡದು.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈಗ ವಿಜಯನಗರ ಜಿಲ್ಲೆಯ ತಾಲ್ಲೂಕುಗಳು. ಹರಪನಹಳ್ಳಿಯವರಂತೂ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿ, ಮರಳಿ ಬಳ್ಳಾರಿಗೆ ಬಂದು, 2021ರಲ್ಲಿ ವಿಜಯನಗರದವರಾದರು. ಜಿಲ್ಲೆ ಎಷ್ಟು ಬದಲಾದರೂ ನಮ್ಮ ಕಡೆಯ ಜಾತ್ರೆಯ ದಾರಿ ಬದಲಾಗಲಿಲ್ಲ. ಭರತ ಹುಣ್ಣಿಮೆಯ ಹೊತ್ತಿಗೆ ತುಂಗಭದ್ರೆಯ ದಡದ ಮೈಲಾರದಲ್ಲಿ ಕಾರಣಿಕ. ಮಾಘ ಬಹುಳದಲ್ಲಿ ಕೊಟ್ಟೂರು ಗುರುಬಸವೇಶ್ವರನ ತೇರು. ಅದರ ಬೆನ್ನಿಗೇ ಶಿವರಾತ್ರಿಗೆ ಕುರುವತ್ತಿ ಮಲ್ಲಿಕಾರ್ಜುನನ ಜಾತ್ರೆ, ಅಲ್ಲಿಯ ದನಗಳ ಸಂತೆ. ಹದಿನೈದು ದಿನದೊಳಗೆ ಮೂರು ದೊಡ್ಡ ಜಾತ್ರೆಗಳು. ಸುಗ್ಗಿ ಮುಗಿದಿರುತ್ತಿತ್ತು, ಎತ್ತುಗಳಿಗೆ ಬಿಡುವು, ಕಣಜದಲ್ಲಿ ಜೋಳ. ರೈತರು ಮನೆಮಂದಿಯನ್ನೆಲ್ಲ ಹತ್ತಿಸಿಕೊಂಡು ಹೊರಟುಬಿಡುತ್ತಿದ್ದರು.

ಕೂಡ್ಲಿಗಿ ಕಡೆಯಿಂದ ಮೈಲಾರಕ್ಕೆ ಎತ್ತಿನ ನಡಿಗೆಯಲ್ಲಿ ಎರಡು-ಮೂರು ದಿನದ ದಾರಿ. ಬಂಡಿಯೇ ಮನೆಯಾಗಬೇಕು. ಬಿದಿರಿನ ದಬ್ಬೆಗಳನ್ನು ಬಾಗಿಸಿ ಕಮಾನು ಕಟ್ಟಿ, ಮೇಲೆ ಚಾಪೆಯನ್ನೋ ತಾಡಪಾಲನ್ನೋ ಹೊದಿಸುತ್ತಿದ್ದರು. ಒಳಗೆ ಮೊದಲು ಮೇವು, ಅದರ ಮೇಲೆ ಜಮಖಾನ, ಅದರ ಮೇಲೆ ಗಾದಿ, ಎಲ್ಲಕ್ಕಿಂತ ಮೇಲೆ ಕೌದಿ. ಮರದ ಗಾಲಿಗೆ ಕಬ್ಬಿಣದ ಹಳಿ ಇರುತ್ತಿದ್ದರಿಂದ ಒಂದೊಂದು ಕಲ್ಲೂ ಬೆನ್ನುಮೂಳೆಗೆ ಗೊತ್ತಾಗುತ್ತಿತ್ತು. ಹಳಿ ಕೂರಿಸುವುದೇ ಒಂದು ಕಲೆ. ಕುಳ್ಳಿನ ಬೆಂಕಿಯಲ್ಲಿ ಅದನ್ನು ಕೆಂಪಗೆ ಕಾಯಿಸಿ, ಹಿಗ್ಗಿದ ಹೊತ್ತಿನಲ್ಲಿ ಗಾಲಿಯ ಮೇಲೆ ಇಳಿಸಿ, ನೀರು ಸುರಿದರೆ ಅದು ಕುಗ್ಗಿ ಮರವನ್ನು ಬಿಗಿಯಾಗಿ ಕಚ್ಚಿಕೊಳ್ಳುತ್ತದೆ. ಮರ ಬಡಗಿಯದು, ಕಬ್ಬಿಣ ಕಮ್ಮಾರನದು, ಮಿಣಿ-ಬಾರುಕೋಲು ಮಾದಿಗರ ಕೈಯದು, ಗಾದಿ ಪಿಂಜಾರರದು. ಒಂದು ಬಂಡಿ ಹೊರಟಿತೆಂದರೆ ಅದರೊಳಗೆ ಅರ್ಧ ಊರೇ ಹೊರಟಂತೆ.

ನಾವು ಆ ಗಾದಿಯ ಕಡೆಯವರು. ನನ್ನ ಅಜ್ಜ ಹೆಗಲ ಮೇಲೆ ಬಿಲ್ಲು ಹೊತ್ತು ಹಳ್ಳಿ ಹಳ್ಳಿ ತಿರುಗಿ ಹತ್ತಿ ಹಿಂಜುತ್ತಿದ್ದವರು. ಅಬ್ಬಾನ ಕಾಲಕ್ಕೆ ಹತ್ತಿ ಹಿಂಜುವ ಯಂತ್ರ ಬಂತು. ಆದರೂ ಜಾತ್ರೆಯ ಮುಂಚಿನ ತಿಂಗಳಲ್ಲಿ ನಮ್ಮ ಮನೆಯಲ್ಲಿ ಉಸಿರಾಡಿದರೆ ಮೂಗಿನೊಳಗೆ ಹತ್ತಿ. ಜಾತ್ರೆಯಲ್ಲಿ ನಾವು ಗಾದಿ, ದಿಂಬು, ದನಗಳ ಕೊರಳ ಹಗ್ಗದ ಅಂಗಡಿ ಹಾಕುತ್ತಿದ್ದೆವು. ಎಂಬತ್ತರ ದಶಕದ ಕೊನೆಯಲ್ಲಿ ನಾನು ಉರ್ದು ಶಾಲೆಯ ಹುಡುಗಿ. ಸಂಜೆ ಗಿರಾಕಿ ಕಡಿಮೆಯಾದ ಮೇಲೆ ದಾದಿ ನನ್ನ ಕೈ ಹಿಡಿದು ಬಂಡಿಗಳ ಸಾಲಿಗೆ ಹೊರಡುತ್ತಿದ್ದಳು.

“ಬೂಬಮ್ಮ, ಬಾರವ್ವ, ನಮ್ ಬಂಡಿ ನೋಡಿಕೊಂಡು ಹೋಗು. ನಿಮ್ ಗಾದಿ ಹೆಂಗ್ ಕುಂತೈತಿ ನೋಡು” ಎಂದು ಹೆಂಗಸರು ಕರೆಯುತ್ತಿದ್ದರು. ನೋಡುವುದೆಂದರೆ ಹೊರಗೆ ನಿಂತು ನೋಡುವುದಲ್ಲ. ಚಪ್ಪಲಿ ಬಿಟ್ಟು, ಹಿಂದಿನಿಂದ ಹತ್ತಿ, ಒಳಗೆ ಕೂತು ನೋಡುವುದು. ಯಾರು ಎಲ್ಲಿ ಮಲಗುತ್ತಾರೆ, ಕೂಸಿನ ಜೋಳಿಗೆಯನ್ನು ಕಮಾನಿಗೆ ಹೇಗೆ ಕಟ್ಟಿದ್ದಾರೆ, ರೊಟ್ಟಿಯ ಬುಟ್ಟಿ ಅಲುಗಾಡದಂತೆ ಏನು ಉಪಾಯ, ಲಾಟೀನು ಎಲ್ಲಿ, ಕನ್ನಡಿ ಎಲ್ಲಿ. ಕೌದಿಯ ಹೊಲಿಗೆಯನ್ನು ಹೆಂಗಸರು ಬೆರಳಿಂದ ಓದುತ್ತಿದ್ದರು. ಗಂಡಸರದು ಕೆಳಗೆ ಬೇರೆ ಪರೀಕ್ಷೆ: ಅಚ್ಚು, ಕಡಾಣಿ, ನೊಗ, ಎತ್ತಿನ ಹಲ್ಲು. ಒಬ್ಬರ ಉಪಾಯ ಮುಂದಿನ ವರ್ಷ ಹತ್ತು ಬಂಡಿಗಳಲ್ಲಿ ಕಾಣಿಸುತ್ತಿತ್ತು.

ದಾದಿ ಇದಕ್ಕೆ ತನ್ನದೇ ನಿಯಮ ಮಾಡಿಕೊಂಡಿದ್ದಳು. ಪಾತ್ರೆ ಎಣಿಸಬಾರದು. ಗಂಟು ಬಿಚ್ಚಿಸಬಾರದು. ಒಂದಾದರೂ ಒಳ್ಳೆಯ ಮಾತು ಆಡದೆ ಇಳಿಯಬಾರದು. ನಮಗೆ ಬಂಡಿ ಇರಲಿಲ್ಲ, ತಾಡಪಾಲಿನ ಗುಡಾರ ಮಾತ್ರ. ಆದರೂ ಇಳಿಯುವಾಗ ಅವಳು ತಪ್ಪದೆ, “ನಮ್ ಗುಡಾರಾನೂ ನೋಡಾಕ ಬರ್ರಿ” ಅನ್ನುತ್ತಿದ್ದಳು. ಅವರು ಬರುತ್ತಿದ್ದರು. ಹತ್ತಿಯ ಅಂಡಿಗೆಗಳ ಮೇಲೆ ಕೂತು, ಬೆಲ್ಲ-ಕೊಬ್ಬರಿ ಬಾಯಿಗೆ ಹಾಕಿಕೊಂಡು, ಅಬ್ಬಾನ ಜಾನಮಾಜನ್ನು ತೋರಿಸಿ, “ಇದು ಇಷ್ಟು ಸಣ್ಣದ್ಯಾಕ?” ಎಂದು ಕೇಳುತ್ತಿದ್ದರು. “ಒಬ್ಬರು ಬಗ್ಗಾಕ ಅಷ್ಟು ಸಾಕವ್ವ” ಎಂದು ದಾದಿ ಹೇಳಿದ್ದು ನೆನಪಿದೆ.

ಮನೆಯಲ್ಲಿ ಹೊಸ್ತಿಲಿದೆ, ಪಡಸಾಲೆಯಿದೆ, ದೇವರ ಕೋಣೆಯಿದೆ. ಯಾರು ಎಲ್ಲಿಯವರೆಗೆ ಬರಬಹುದು ಎಂಬುದನ್ನು ಗೋಡೆಯೇ ಹೇಳುತ್ತದೆ. ಬಂಡಿಯಲ್ಲಿ ಇರುವುದು ಒಂದೇ ಕೋಣೆ. ಹತ್ತಿದರೆ ನಡುಮನೆಗೇ ಬಂದಂತೆ. ಊರಿನಲ್ಲಿ ಪಿಂಜಾರರ ಮುದುಕಿಯನ್ನು ಅಂಗಳದಲ್ಲೇ ಮಾತಾಡಿಸಿ ಕಳಿಸುವವರೂ ಜಾತ್ರೆಯ ಹೊಲದಲ್ಲಿ ಒಳಗೆ ಕೂರಿಸುತ್ತಿದ್ದರು.

ಹಾಗೆಂದು ಎಲ್ಲವೂ ಬೆಲ್ಲವೇ ಆಗಿರಲಿಲ್ಲ. ದಲಿತರ ಬಂಡಿಗಳು ಸಾಲಿನ ತುದಿಯಲ್ಲಿ, ಸ್ವಲ್ಪ ಅಂತರ ಬಿಟ್ಟು ನಿಲ್ಲುತ್ತಿದ್ದವು. ಅವರನ್ನು “ನಮ್ ಬಂಡಿ ನೋಡು ಬಾ” ಎಂದು ಕರೆದವರನ್ನು ನಾನು ಕಂಡಿಲ್ಲ. ದಾದಿ ಆ ತುದಿಗೂ ಹೋಗುತ್ತಿದ್ದಳು. ಒಮ್ಮೆ ಅಲ್ಲಿಂದ ಬರುವುದನ್ನು ಕಂಡ ಒಂದು ಬಂಡಿಯವರು, ನೀರು ಕೇಳಿದ್ದಕ್ಕೆ ತಂಬಿಗೆ ಕೈಗೆ ಕೊಡದೆ ಮೇಲಿನಿಂದ ಬೊಗಸೆಗೆ ಹೊಯ್ದರು. ದಾದಿ ಕುಡಿದಳು, ಬಾಯಿ ಒರೆಸಿಕೊಂಡಳು, ಮರುದಿನ ಮತ್ತೆ ಆ ತುದಿಗೇ ಹೋದಳು. ಕೊಟ್ಟೂರಿನಲ್ಲಿ ಸ್ವಾಮಿ ತೇರಿಗೆ ಏರುವ ಮುನ್ನ ದಲಿತ ಮಹಿಳೆಯರು ಆರತಿ ಬೆಳಗುವ ಪದ್ಧತಿ ಇದೆ. ದೇವರಿಗೆ ಒಪ್ಪಿಗೆಯಾದದ್ದು ಬಂಡಿಯ ಸಾಲಿಗೆ ಒಪ್ಪಿಗೆಯಾಗಿರಲಿಲ್ಲ.

‘ಕಾರವಾನ್’ ಎಂಬ ಮಾತನ್ನು ನಾನು ಮೊದಲು ಕಲಿತದ್ದು ಉರ್ದು ಪಾಠದಲ್ಲಿ. ಒಟ್ಟಾಗಿ ದಾರಿ ನಡೆಯುವವರ ಸಾಲು ಎಂದು ಮೇಷ್ಟ್ರು ಅರ್ಥ ಹೇಳಿದ್ದರು. ಪಾರಸಿಯ ಅದೇ ಮಾತು ಇಂಗ್ಲಿಷಿಗೆ ಹೋಗಿ, ಅಲ್ಲಿ ಕಾರಿನ ಹಿಂದೆ ಎಳೆದುಕೊಂಡು ಹೋಗುವ ಮನೆಗೂ ಹೆಸರಾಯಿತು. ಅಮೆರಿಕದಲ್ಲಿ ಇಂಥ ಗಾಲಿಮನೆಗಳನ್ನು ತಯಾರಿಸುತ್ತಿದ್ದ ವಾಲಿ ಬೈಯಮ್ ಎಂಬಾತ 1959ರಲ್ಲಿ ಒಂದು ದೊಡ್ಡ ತಂಡ ಕಟ್ಟಿಕೊಂಡು ಆಫ್ರಿಕಾದ ಕೇಪ್‌ಟೌನಿನಿಂದ ಕೈರೋ ಕಡೆಗೆ ಹೊರಟಿದ್ದ. ಅಲ್ಲಿಯವರೂ ಬೀಡುಬಿಟ್ಟಲ್ಲಿ ಒಬ್ಬರ ಗಾಲಿಮನೆಯನ್ನು ಇನ್ನೊಬ್ಬರು ಒಳಹೊಕ್ಕು ನೋಡಿ, ಒಲೆ ಎಲ್ಲಿ, ಹಾಸಿಗೆ ಎಲ್ಲಿ ಎಂದು ವಿಚಾರಿಸುತ್ತಾರಂತೆ. ಓದಿದಾಗ ನನಗೆ ಮೈಲಾರದ ಹೊಲ ಕಣ್ಣಿಗೆ ಬಂತು. ಎತ್ತುಗಳ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ದೇಶವನ್ನೇ ಸುತ್ತಿದ ಲಂಬಾಣಿಗರ ತಾಂಡಾಗಳು ನಮ್ಮ ಈ ತಾಲ್ಲೂಕುಗಳಲ್ಲೇ ಬೇಕಾದಷ್ಟಿವೆ. ಕಾರವಾನು ನಮಗೇನೂ ಹೊಸದಲ್ಲ.

ಆಮೇಲೆ ಕಾಲ ತಿರುಗಿತು. ಎತ್ತು ಸಾಕುವುದು ಕಷ್ಟವಾಯಿತು, ಮನೆಗೊಂದು ಜೋಡಿ ಇದ್ದಲ್ಲಿ ಓಣಿಗೊಂದು ಟ್ರ್ಯಾಕ್ಟರ್ ಬಂತು. ಬಂಡಿಯ ಕಮಾನು ಟ್ರೈಲರಿನ ಮೇಲೆ ಏರಿತು. ಮೇವಿನ ಜಾಗದಲ್ಲಿ ಗ್ಯಾಸಿನ ಸಿಲಿಂಡರು, ಲಾಟೀನಿನ ಜಾಗದಲ್ಲಿ ಬ್ಯಾಟರಿಗೆ ಸಿಕ್ಕಿಸಿದ ಬಲ್ಬು. ಕೃಷಿಯ ಟ್ರೈಲರಿನಲ್ಲಿ ಜನರನ್ನು ಸಾಗಿಸುವುದು ಕಾನೂನಿಗೆ ವಿರುದ್ಧ, ಮಗುಚಿಬಿದ್ದು ಸತ್ತವರೂ ಇದ್ದಾರೆ. ಅದನ್ನು ನಾನು ಹೊಗಳಲಾರೆ. ಕಾರು, ಟೆಂಪೋಗಳಲ್ಲಿ ಬರುವವರು ದರ್ಶನ ಮುಗಿಸಿ ಅದೇ ದಿನ ತಿರುಗುತ್ತಾರೆ. ಗಾಜು ಏರಿಸಿದ ಕಾರನ್ನು ಯಾರೂ ನೋಡಲು ಹೋಗುವುದಿಲ್ಲ.

ಇದಕ್ಕಿಂತ ಬಿಗಿಯಾದ ಗಾಜು ಇನ್ನೊಂದಿದೆ. 2022ರ ಮಾರ್ಚಿನಲ್ಲಿ ಕರಾವಳಿಯ ಕೆಲವು ಜಾತ್ರೆಗಳಲ್ಲಿ ಮುಸ್ಲಿಮರು ಅಂಗಡಿ ಹಾಕಬಾರದೆಂಬ ಫಲಕಗಳು ಕಂಡವು. ಸರ್ಕಾರ ಸದನದಲ್ಲಿ ಧಾರ್ಮಿಕ ದತ್ತಿಯ 2002ರ ನಿಯಮಗಳನ್ನು ಉಲ್ಲೇಖಿಸಿತು. ಆ ಗಾಳಿ ದೂರದವರೆಗೂ ಬೀಸಿತು. ನನ್ನ ತಮ್ಮನಿಗೆ ಒಂದು ಜಾತ್ರೆಯಲ್ಲಿ, ಊರಿನ ಹೆಸರು ಬೇಡ, “ಈ ವರ್ಷ ಬ್ಯಾಡಪ್ಪ, ಸುಮ್ನ ಯಾಕ” ಎಂದರು. ಅವನು ಗಾದಿಗಳನ್ನು ವಾಪಸು ಹೇರಿಕೊಂಡು ಬಂದ. ರಾತ್ರಿ ಹಳೆಯ ಗಿರಾಕಿಯೊಬ್ಬರ ಫೋನು: “ತಮ್ಮಾ, ಅಂಗಡಿ ಕಾಣ್ಲಿಲ್ಲಲ್ಲೋ?” ತಮ್ಮ, “ಮೈಯಾಗ ಆರಾಮಿಲ್ಲ ಗೌಡ್ರ” ಎಂದ. ಸುಳ್ಳು ಯಾಕೆ ಹೇಳಿದೆ ಎಂದು ಕೇಳಿದೆ. “ಜಾತ್ರೀಗೆ ಬಂದ ಮನುಷ್ಯಾಗೆ ಅದನ್ನ ಹೇಳಿ ಯಾಕ ನೋಯಿಸ್ಬೇಕು?” ಎಂದ. ಹೊರಗೆ ನಿಂತವನೇ ಒಳಗಿನವರ ಮನಸ್ಸು ಕಾಯುತ್ತಿದ್ದಾನಲ್ಲ ಎಂದು ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಹೋದ ವರ್ಷ ನಾನೊಬ್ಬಳೇ ಮೈಲಾರಕ್ಕೆ ಹೋದೆ. ಗೊರವಯ್ಯ ಬಿಲ್ಲನ್ನೇರಿ “ಸದ್ದಲೇ” ಎಂದೊಡನೆ ಅಷ್ಟು ದೊಡ್ಡ ಜನಸಾಗರ ಉಸಿರು ಹಿಡಿಯಿತು. ಮುಗಿದ ಮೇಲೆ ಟ್ರೈಲರುಗಳ ಸಾಲಿನಲ್ಲಿ ನಡೆಯುತ್ತಿದ್ದೆ. ತಲೆಯ ಮೇಲೆ ದುಪ್ಪಟ್ಟಾ ಇತ್ತು. ಕರೆಯದೆ ಹತ್ತಿರ ಹೋಗಲು ಕಾಲು ಬರಲಿಲ್ಲ. ಹಗರಿಬೊಮ್ಮನಹಳ್ಳಿ ಕಡೆಯ ಎಳೆಯ ಹೆಂಗಸೊಬ್ಬಳು ರೊಟ್ಟಿ ಮುರಿಯುತ್ತ ಕೂತವಳು ಕಂಡು, “ಯಾಕ್ರೀ ಅಕ್ಕ, ಅಲ್ಲೇ ನಿಂತ್ರಿ? ಹತ್ತಿ ಬರ್ರಿ” ಎಂದಳು. ಹತ್ತಿದೆ. ಹಾಸಿದ್ದು ಅಂಗಡಿಯ ಫೋಮು, ಮೇಲೆ ಮಾತ್ರ ಅವರ ಅತ್ತೆ ಹೊಲಿದ ಕೌದಿ. ಸಿಲಿಂಡರನ್ನು ಹಳೆಯ ಟೈರಿನ ನಡುವೆ ಕೂರಿಸಿ ಕಟ್ಟಿದ್ದಳು. ಒಳ್ಳೆಯ ಉಪಾಯ ಎಂದೆ. ಅವಳ ಮುಖ ಅರಳಿತು.

ಸೌಹಾರ್ದದ ಬಗ್ಗೆ ನಾವು ಸಭೆ ಮಾಡುತ್ತೇವೆ, ಭಾಷಣ ಮಾಡುತ್ತೇವೆ. ಮಾಡೋಣ, ಅದೂ ಬೇಕು. ಆದರೆ ಒಬ್ಬರ ರೊಟ್ಟಿ ಬುಟ್ಟಿ ಎಲ್ಲಿದೆ, ಕೂಸು ಎಲ್ಲಿ ಮಲಗುತ್ತದೆ ಎಂದು ಕಣ್ಣಾರೆ ಕಂಡ ಮೇಲೆ ಅವರ ಬಗ್ಗೆ ಯಾರೋ ಹೇಳಿದ ಕೆಟ್ಟ ಮಾತನ್ನು ನಂಬುವುದು ಸ್ವಲ್ಪ ಕಷ್ಟವಾಗುತ್ತದೆ. ಸ್ವಲ್ಪವೇ. ಆ ಸ್ವಲ್ಪಕ್ಕಾಗಿಯೇ ಕರೆಯುವವರು ಕರೆಯುತ್ತಿರಬೇಕು, ಸಾಲಿನ ತುದಿಯವರನ್ನೂ ಕರೆಯಬೇಕು. ಈ ಸಲ ಜಾತ್ರೆಗೆ ಬರುವಂತೆ ತಮ್ಮನಿಗೆ ಹೇಳಿದ್ದೇನೆ. ಅವನು ಇನ್ನೂ ಹೂಂ ಅಂದಿಲ್ಲ.